ಹಿಂಬದಿ ಗಾಜಿನ ವೈಪರ್: ದೋಷಪತ್ತೆ ಮತ್ತು ದುರಸ್ತಿ

ಹಿಂಬದಿ ಗಾಜಿನ ವೈಪರ್ ಎಂಬುದು ಮಿನಿವ್ಯಾನ್, ಹ್ಯಾಚ್‌ಬ್ಯಾಕ್ ಮೊದಲಾದ ವಾಹನಗಳ ಹಿಂಬಾಗಿಲಿನ ಗಾಜಿನಿಂದ ನೀರು ಮತ್ತು ಕೆಸರನ್ನು ಒರೆಸುವ ಸಾಧನ. ಭಾರತದಲ್ಲಿ ಟೊಯೋಟಾ ಇನ್ನೋವಾ, ಮಾರುತಿ ಸುಜುಕಿ ಎರ್ಟಿಗಾ ಮುಂತಾದ ವಾಹನಗಳ ಕೆಲವು ಮಾದರಿಗಳಲ್ಲಿ ಇದನ್ನು ಅಳವಡಿಸಲಾಗಿದೆ. ಮುಂಗಾಜಿನ ವೈಪರ್‌ಗೆ ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲೇ ಪೇಟೆಂಟ್ ಪಡೆದಿದ್ದರು; ಹಿಂಬದಿಯ ವೈಪರ್ ಬಳಕೆಗೆ ಬಂದದ್ದು ಅದಕ್ಕಿಂತ ಬಹಳ ತಡವಾಗಿ.

ಅಗತ್ಯ

ಮಿನಿವ್ಯಾನಿನ ಹಿಂಭಾಗವು ಹೆಚ್ಚುಕಡಿಮೆ ನೆಟ್ಟಗೆ ಇರುತ್ತದೆ. ಚಾವಣಿಯ ಮೇಲೆ ಹರಿದುಬಂದ ಗಾಳಿ ಅಂಚಿನಲ್ಲಿ ಬೇರ್ಪಟ್ಟು ವಾಹನದ ಹಿಂದೆ ಸುಳಿಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಮತ್ತು ಕೆಸರುನೀರನ್ನು ಈ ಸುಳಿಯೇ ಗಾಜಿಗೆ ತಂದು ಬಳಿಯುತ್ತದೆ. ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಭಾಗದಂತಹ ಎರೆಮಣ್ಣಿನ ಪ್ರದೇಶದಲ್ಲಿ ಒಂದು ಹದ ಮಳೆಗೇ ಹಿಂಗಾಜು ಮಸುಕಾಗಬಹುದು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯಲ್ಲಿ, ಅಥವಾ ಮಕ್ಕಳು ಆಡುವ ಓಣಿಯಲ್ಲಿ ವಾಹನವನ್ನು ಹಿಂದಕ್ಕೆ ತೆಗೆಯುವಾಗ, ಇದು ಸಣ್ಣ ಕೊರತೆಯಲ್ಲ.

ಮಳೆ ಕಡಿಮೆ ಇರುವ ಈ ಭಾಗದಲ್ಲಿ ವೈಪರ್ ತಿಂಗಳುಗಟ್ಟಲೆ ನಿಶ್ಚಲವಾಗಿರುತ್ತದೆ. ಸವೆತಕ್ಕಿಂತ ಹೆಚ್ಚಾಗಿ ಈ ನಿಶ್ಚಲತೆಯೇ ಅದನ್ನು ಕೆಡಿಸುತ್ತದೆ. ಹಾಗಾಗಿ ದೋಷವು ಮುಂಗಾರಿನ ಮೊದಲ ಮಳೆಯಲ್ಲಿ, ಸ್ವಿಚ್ ಒತ್ತಿದಾಗ ಮಾತ್ರ ಬೆಳಕಿಗೆ ಬರುತ್ತದೆ.

ದೋಷಪತ್ತೆ

ಮೊದಲು ಫ್ಯೂಸ್ ನೋಡಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ಹೆಚ್ಚು ಆಂಪಿಯರಿನದನ್ನು ಹಾಕಿದರೆ ತಂತಿಗೇ ಬೆಂಕಿ ಹತ್ತುವ ಅಪಾಯವಿದೆ. ಫ್ಯೂಸ್ ಸರಿಯಿದ್ದರೆ ಸ್ವಿಚ್ ಹಾಕಿ ಹಿಂಬಾಗಿಲಿಗೆ ಕಿವಿಗೊಡಬೇಕು. ಮೋಟಾರಿನ ಗುಂಯ್‌ಗುಡುವಿಕೆ ಕೇಳಿಸಿಯೂ ತೋಳು ಅಲುಗದಿದ್ದರೆ ತೋಳಿನ ನಟ್ಟು ಸಡಿಲವಾಗಿದೆ, ಗೇರಿನ ಹಲ್ಲು ಮುರಿದಿದೆ ಅಥವಾ ದಂಡ ಬಿಗಿದುಕೊಂಡಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಒಳಹೊದಿಕೆ ತೆಗೆದು, ಮೋಟಾರಿನ ಕನೆಕ್ಟರಿನಲ್ಲಿ ಮಲ್ಟಿಮೀಟರಿನಿಂದ ಸುಮಾರು 12 ವೋಲ್ಟ್ ಬರುತ್ತಿದೆಯೇ, ಅರ್ತಿಂಗ್ ಸರಿಯಿದೆಯೇ ಎಂದು ಅಳೆಯಬೇಕು. ಎರಡೂ ಇದ್ದರೆ ದೋಷ ಮೋಟಾರಿನ ಘಟಕದ್ದೇ. ಕೆಲವು ವಾಹನಗಳಲ್ಲಿ ಬಾಗಿಲು ತೆರೆದಿರುವಾಗ ವೈಪರ್ ಓಡದಂತೆ ವ್ಯವಸ್ಥೆಯಿರುವುದರಿಂದ, ಪರೀಕ್ಷೆಗೆ ಮುನ್ನ ಚಿಲಕವನ್ನು ಮುಚ್ಚಿದ ಸ್ಥಿತಿಗೆ ತರಬೇಕಾಗುತ್ತದೆ.

ವೋಲ್ಟ್ ಬಾರದಿದ್ದರೆ ಸಂದೇಹ ಮೊದಲು ಹೋಗಬೇಕಾದದ್ದು ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆಯತ್ತ. ಬಾಗಿಲು ತೆರೆದಾಗಲೆಲ್ಲ ಅದರೊಳಗಿನ ತಂತಿಗಳು ಬಾಗಿ, ವರ್ಷಗಳ ನಂತರ ಒಳಗೊಳಗೇ ತುಂಡಾಗುತ್ತವೆ. ನಂಬರ್ ಪ್ಲೇಟಿನ ದೀಪ ಅಥವಾ ಬಾಗಿಲಿನ ಲಾಕ್ ಕೂಡ ಆಗಾಗ ಕೈಕೊಡುತ್ತಿದ್ದರೆ ಈ ಸಂದೇಹ ಬಲವಾಗುತ್ತದೆ.

ದುರಸ್ತಿ

ಬ್ಯಾಟರಿಯ ಋಣ ತಂತಿಯನ್ನು ಕಳಚಿ ಕೆಲಸ ಆರಂಭಿಸಬೇಕು. ತುಂಡಾದ ತಂತಿಗೆ ಬರೀ ಟೇಪು ಸುತ್ತಿದರೆ ಅದು ಬಹುಕಾಲ ನಿಲ್ಲದು. ಮೃದುವಾದ ಹೊಸ ತಂತಿಯನ್ನು ಬೆಸೆದು, ಜೋಡಣೆಯು ಬಾಗುವ ಭಾಗದಿಂದ ಹೊರಗೆ ಬೀಳುವಂತೆ ನೋಡಿಕೊಳ್ಳಬೇಕು.

ದಂಡ ಬಿಗಿದಿದ್ದರೆ ಮೋಟಾರನ್ನೇ ಬದಲಿಸುವ ರೂಢಿಯಿದೆ. ಅನೇಕ ವೇಳೆ ಅದು ಅನಗತ್ಯ ಖರ್ಚು. ರಬ್ಬರ್ ಸೀಲು ಬಿಸಿಲಿಗೆ ಸೆಟೆದು ಬಿರುಕುಬಿಟ್ಟಾಗ ನೀರು ಮತ್ತು ಧೂಳು ಒಳನುಗ್ಗುತ್ತವೆ. ಅಲ್ಯೂಮಿನಿಯಂ ಕವಚ ಶಿಥಿಲಗೊಂಡು ಉಂಟಾಗುವ ಬಿಳಿಯ ಪುಡಿಯು ಉಕ್ಕಿನ ದಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ತೋಳನ್ನು ಪುಲ್ಲರ್‌ನಿಂದ ಕಳಚಬೇಕೇ ಹೊರತು ಗಾಜಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಬಾರದು. ನಂತರ ಘಟಕವನ್ನು ಬಿಚ್ಚಿ, ಗೇರಿನ ಸ್ಥಾನವನ್ನು ಗುರುತು ಹಾಕಿಕೊಂಡು, ದಂಡವನ್ನು ಹೊರತೆಗೆದು ನಯವಾದ ಎಮರಿ ಕಾಗದದಿಂದ ಉಜ್ಜಿ, ಗ್ರೀಸ್ ಸವರಿ, ಹೊಸ ಸೀಲಿನೊಂದಿಗೆ ಜೋಡಿಸಬೇಕು. ಸೀಲನ್ನು ಬದಲಿಸದಿದ್ದರೆ ದೋಷ ಮರುಕಳಿಸುತ್ತದೆ.

ತೋಳನ್ನು ಮರಳಿ ಕೂರಿಸುವ ಮುನ್ನ ಮೋಟಾರನ್ನು ಒಮ್ಮೆ ಓಡಿಸಿ ನಿಲ್ಲಿಸಿದರೆ ದಂಡವು ತನ್ನ ವಿರಾಮಸ್ಥಾನಕ್ಕೆ ಬರುತ್ತದೆ. ತೋಳನ್ನು ಆ ಸ್ಥಾನಕ್ಕೆ ಹೊಂದಿಸಿ ನಟ್ಟು ಬಿಗಿಯಬೇಕು. ಪರೀಕ್ಷೆಯನ್ನು ಒದ್ದೆ ಗಾಜಿನ ಮೇಲೆ ಮಾಡಬೇಕು, ಏಕೆಂದರೆ ಒಣ ಧೂಳಿನ ಮೇಲೆ ಎಳೆದ ಬ್ಲೇಡು ಗಾಜಿನಲ್ಲಿ ಗೀರು ಮೂಡಿಸುತ್ತದೆ.