ಎತ್ತರಿಸಿದ ಜೀಪಿನ ಸ್ಟೀರಿಂಗ್ ಯಾಕೆ ನಡುಗುತ್ತದೆ?

ಮಕ್ಕಳೇ, ಬಸ್ಸು ಹೋಗದ ಊರಿಗೂ ಜೀಪು ಹೋಗುತ್ತದೆ. ಕಾಸರಗೋಡಿನ ಗುಡ್ಡದ ದಾರಿ, ವಯನಾಡಿನ ಎಸ್ಟೇಟು, ತಾಳವಾಡಿಯ ಕಾಡಂಚಿನ ಹಳ್ಳಿ, ಎಲ್ಲ ಕಡೆಯೂ ನಿಮ್ಮಲ್ಲಿ ಹಲವರು ಸರ್ವಿಸ್ ಜೀಪು ಹತ್ತಿದವರೇ. ಕಲ್ಲು, ಕೆಸರು, ತೋಡು ದಾಟುವಾಗ ಅಡಿಭಾಗ ತಾಗಬಾರದು ಅಂತ ಕೆಲವರು ಜೀಪನ್ನು ಇನ್ನಷ್ಟು ಎತ್ತರ ಮಾಡಿಸಿ ದೊಡ್ಡ ಟಯರು ಹಾಕಿಸುವುದುಂಟು. ಗುಡ್ಡದಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಆದರೆ ಡಾಮರು ರಸ್ತೆಗೆ ಬಂದು 60 ಕಿ.ಮೀ. ವೇಗ ಹಿಡಿದಾಗ ಒಂದು ಸಣ್ಣ ಹೊಂಡಕ್ಕೆ ಚಕ್ರ ಇಳಿಯಿತೋ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಅದುರತೊಡಗುತ್ತದೆ. ಡ್ರೈವರ್ ಎರಡೂ ಕೈಯಲ್ಲಿ ಹಿಡಿದರೂ ನಿಲ್ಲುವುದಿಲ್ಲ. ವೇಗ ಚೆನ್ನಾಗಿ ಇಳಿದ ಮೇಲೆಯೇ ನಿಲ್ಲುತ್ತದೆ.

ಇದಕ್ಕೆ "ಒಂದು ಡ್ಯಾಂಪರ್ ಹಾಕಿಸಿಬಿಡಿ" ಅಂತ ಸಲಹೆ ಕೊಡುವವರು ಬಹಳ. ಆದರೆ ನಡುಕ ಎನ್ನುವುದು ಒಂದು ಲಕ್ಷಣ, ರೋಗವಲ್ಲ. ರೋಗ ಎಲ್ಲಿ ಉಂಟು ಎಂದು ಹುಡುಕಲು ಬೇಕಾದ ಭೌತಶಾಸ್ತ್ರ ಹೆಚ್ಚುಕಡಿಮೆ ನಿಮ್ಮ ಹೈಸ್ಕೂಲು ಪುಸ್ತಕದಲ್ಲೇ ಇದೆ. ಹೇಗೆ ಅಂತ ನೋಡುವ.

ಚಕ್ರ ನೇರ ಓಡುವುದು ಹೇಗೆ?

ನಿಮ್ಮ ಸೈಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಫೋರ್ಕ್ ನೆಟ್ಟಗೆ ನಿಂತಿಲ್ಲ, ಅದರ ಮೇಲ್ತುದಿ ಸವಾರನ ಕಡೆಗೆ ಸ್ವಲ್ಪ ವಾಲಿದೆ. ಹ್ಯಾಂಡಲ್ ತಿರುಗುವ ಆ ಅಕ್ಷಕ್ಕೆ ಒಂದು ಗೆರೆ ಎಳೆದು ನೆಲದವರೆಗೆ ತಂದರೆ, ಟಯರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಅದು ನೆಲಕ್ಕೆ ತಾಗುತ್ತದೆ. ಅಂದರೆ ಟಯರು ತನ್ನ ಅಕ್ಷದ ಹಿಂದೆ ಎಳೆದುಕೊಂಡು ಬರುತ್ತದೆ. ಚಕ್ರ ಒಂದು ಪಕ್ಕಕ್ಕೆ ತಿರುಗಿದರೆ ನೆಲದ ಘರ್ಷಣೆಯೇ ಅದನ್ನು ಪುನಃ ನೇರಕ್ಕೆ ತರುತ್ತದೆ. ಜೀಪಿನ ಮುಂಚಕ್ರದಲ್ಲೂ ಇದೇ ವಾಲು ಉಂಟು. ಅದಕ್ಕೆ ಕ್ಯಾಸ್ಟರ್ ಕೋನ ಎನ್ನುತ್ತಾರೆ. ಕೆಲವೇ ಡಿಗ್ರಿಯ ಕೋನ ಅದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಕ್ಕೆ ಮುಖ್ಯ ಕಾರಣ ಇದೇ.

ಈಗ ಗಾಲಿಯ ಸೂಟ್‌ಕೇಸನ್ನೋ ಆಸ್ಪತ್ರೆಯ ಟ್ರಾಲಿಯನ್ನೋ ನೆನಪು ಮಾಡಿಕೊಳ್ಳಿ. ಅದರ ಗಾಲಿಯೂ ಅಕ್ಷದ ಹಿಂದೆಯೇ ಬರುತ್ತದೆ. ನಿಧಾನ ತಳ್ಳಿದರೆ ಸುಮ್ಮನೆ ಬರುತ್ತದೆ. ಜೋರಾಗಿ ತಳ್ಳಿದರೆ, ಅದೂ ಪಿನ್ನು ಸಡಿಲವಾಗಿದ್ದರೆ, ಪಟಪಟ ಬಡಿದುಕೊಳ್ಳುತ್ತದೆ ಅಲ್ವಾ? ನೇರಕ್ಕೆ ತರುವ ಬಲವೇ ಗಾಲಿಯನ್ನು ನೇರಕ್ಕಿಂತ ಆಚೆ ದಾಟಿಸುತ್ತದೆ. ಆಚೆ ಹೋದದ್ದನ್ನು ನೆಲ ಪುನಃ ಈಚೆ ತಳ್ಳುತ್ತದೆ. ಪ್ರತಿ ಸಲ ಘರ್ಷಣೆಯಲ್ಲಿ ಸ್ವಲ್ಪ ಶಕ್ತಿ ಕಳೆದುಹೋದರೆ ಓಲಾಟ ಸಾಯುತ್ತದೆ. ಕಳೆದುಹೋಗುವುದಕ್ಕಿಂತ ಹೆಚ್ಚು ಶಕ್ತಿ ಒಳಗೆ ಬಂದರೆ ಬೆಳೆಯುತ್ತದೆ. ಆ ಶಕ್ತಿ ಬರುವುದು ಗಾಡಿಯ ಓಟದಿಂದಲೇ. ವೇಗ ಇಳಿಸಿದಾಗ ನಡುಕ ನಿಲ್ಲುವುದು ಅದಕ್ಕೇ.

ಎತ್ತರ ಮಾಡಿದಾಗ ಏನು ಕೆಡುತ್ತದೆ?

ಹಳೆಯ ಮಾದರಿಯ ಜೀಪಿನಲ್ಲಿ ಮುಂದಿನ ಎರಡು ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್. ಅದು ಪ್ಲೇಟು ಸ್ಪ್ರಿಂಗುಗಳ ನಡುವಿಗೆ ಕಟ್ಟಿರುತ್ತದೆ. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ನೇರ ಜೋಡಣೆ, ಇನ್ನೊಂದು ತುದಿ ಶ್ಯಾಕಲ್ ಎಂಬ ಸಣ್ಣ ತೊಟ್ಟಿಲಿನಲ್ಲಿ ನೇತಾಡುತ್ತದೆ. ಶ್ಯಾಕಲ್ ಮುಂತುದಿಯಲ್ಲಿರುವ ಜೀಪನ್ನು ತೆಗೆದುಕೊಳ್ಳುವ. ಕಡಿಮೆ ಖರ್ಚಿನಲ್ಲಿ ಎತ್ತರಿಸಲು ಉದ್ದದ ಶ್ಯಾಕಲ್ ಹಾಕುತ್ತಾರೆ. ಸ್ಪ್ರಿಂಗ್ 100 ಸೆಂ.ಮೀ. ಉದ್ದ ಇದೆ, ಶ್ಯಾಕಲನ್ನು 5 ಸೆಂ.ಮೀ. ಉದ್ದ ಮಾಡಿದರು ಎಂದಿಟ್ಟುಕೊಳ್ಳಿ. ಸ್ಪ್ರಿಂಗಿನ ಮುಂತುದಿ ಚಾಸಿಯಿಂದ ಸುಮಾರು 5 ಸೆಂ.ಮೀ. ಕೆಳಗೆ ಹೋಯಿತು, ಹಿಂತುದಿ ಅಲ್ಲೇ ಉಳಿಯಿತು. ಆಕ್ಸಲ್ ಇರುವುದು ನಡುವಿನಲ್ಲಿ. ಹಾಗಾಗಿ ಅಲ್ಲಿ ಸಿಕ್ಕಿದ ಎತ್ತರ ಅರ್ಧ, ಅಂದರೆ 2.5 ಸೆಂ.ಮೀ. ಮಾತ್ರ. ಆದರೆ ಸ್ಪ್ರಿಂಗ್ ವಾಲಿದ ಕೋನ? ಅದರ ಸೈನ್ 5/100, ಕೋನ ಹೆಚ್ಚುಕಡಿಮೆ 3 ಡಿಗ್ರಿ. ಆಕ್ಸಲ್ ಕೂಡ ಅಷ್ಟೇ ಮುಂದಕ್ಕೆ ವಾಲುತ್ತದೆ. ಮೊದಲು 5 ಡಿಗ್ರಿ ಕ್ಯಾಸ್ಟರ್ ಇದ್ದರೆ ಉಳಿದದ್ದು 2. ಎರಡು ಬೆರಳು ಎತ್ತರಕ್ಕೆ ಅರ್ಧಕ್ಕಿಂತ ಹೆಚ್ಚು ಕ್ಯಾಸ್ಟರ್ ಹೋಯಿತು!

ಕೆಲವು ಮೆಕ್ಯಾನಿಕರು ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಬೆಣೆ ಇಟ್ಟು ಕೋನವನ್ನು ವಾಪಸು ತರುತ್ತಾರೆ. ಸರಳ ಯಂತ್ರಗಳ ಪಾಠದ ಅದೇ ಬೆಣೆ. ಆದರೆ ಆಕ್ಸಲ್ ತಿರುಗಿದರೆ ಅದಕ್ಕೆ ಜೋಡಿಸಿದ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಅದೂ ಮಿತಿಯೊಳಗೆ ಇರಬೇಕು.

ಇನ್ನೊಂದು ಸಂಗತಿ. ಸ್ಟೀರಿಂಗ್ ಪೆಟ್ಟಿಗೆ ಚಾಸಿಯಲ್ಲಿದೆ, ಚಕ್ರ ಆಕ್ಸಲಿನಲ್ಲಿದೆ. ಎರಡನ್ನೂ ಸೇರಿಸುವ ಕಂಬಿ ಡ್ರ್ಯಾಗ್ ಲಿಂಕ್. ಚಾಸಿ ಮೇಲೆ ಹೋದಾಗ ಈ ಕಂಬಿ ಹೆಚ್ಚು ಓರೆಯಾಗುತ್ತದೆ. ಆಗ ಚಕ್ರ ಹೊಂಡಕ್ಕೆ ಇಳಿದು ಏರುವಾಗಲೆಲ್ಲ ಕಂಬಿ ಸ್ಟೀರಿಂಗನ್ನು ಪಕ್ಕಕ್ಕೆ ಎಳೆಯುತ್ತದೆ.

ಟಯರಿನ ಲೆಕ್ಕ

ಸುಮಾರು 73 ಸೆಂ.ಮೀ. ವ್ಯಾಸದ ಟಯರಿನ ಪರಿಧಿ 2.3 ಮೀಟರು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರು. ಭಾಗಿಸಿದರೆ ಚಕ್ರ ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ.

ಈಗ ತೋಡು ದಾಟಿ ಬಂದ ಜೀಪಿನ ರಿಮ್ಮಿನ ಒಳಬದಿಯಲ್ಲಿ 200 ಗ್ರಾಂ ಕೆಸರು ಒಂದೇ ಕಡೆ ಅಂಟಿ ಒಣಗಿದೆ ಎನ್ನುವ. ಅದು ಕೇಂದ್ರದಿಂದ 19 ಸೆಂ.ಮೀ. ದೂರದಲ್ಲಿದೆ. ಅದನ್ನು ಸುತ್ತಿಸಲು ಬೇಕಾದ ಕೇಂದ್ರಾಭಿಮುಖ ಬಲ mv²/r ಸೂತ್ರದ ಪ್ರಕಾರ ಸುಮಾರು 75 ನ್ಯೂಟನ್. ಅಂದರೆ ಏಳೂವರೆ ಕಿಲೋ ತೂಕದಷ್ಟು ಸೆಳೆತ ಸೆಕೆಂಡಿಗೆ ಏಳು ಸಲ ಚಕ್ರವನ್ನು ಕುಲುಕುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು.

ಉಯ್ಯಾಲೆಯನ್ನು ಅದರದ್ದೇ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡದಾಗಿ ತೂಗುತ್ತದೆ. ಇದು ಅನುರಣನೆ. ಟಯರು, ಸ್ಪ್ರಿಂಗ್, ಸ್ಟೀರಿಂಗ್ ಕಂಬಿಗಳು ಸೇರಿದ ಏರ್ಪಾಡಿಗೂ ಅದರದ್ದೇ ಸಹಜ ಆವೃತ್ತಿ ಉಂಟು. ಚಕ್ರದ ಸುತ್ತು ಅದಕ್ಕೆ ಸರಿಹೊಂದುವ ವೇಗದಲ್ಲಿ ನಡುಕ ಜೋರಾಗುತ್ತದೆ, ವೇಗ ದಾಟಿದರೆ ಕಡಿಮೆಯಾಗುತ್ತದೆ. ಟಯರು ದೊಡ್ಡದೂ ಭಾರವೂ ಆದಾಗ ಈ ಲೆಕ್ಕ ಪೂರ್ತಿ ಬದಲಾಗುತ್ತದೆ.

ತಿರುಗುವ ಚಕ್ರಕ್ಕೆ ಇನ್ನೊಂದು ಗುಣವೂ ಇದೆ. ಅದನ್ನು ಓರೆ ಮಾಡಿದರೆ ಅದು ಪಕ್ಕಕ್ಕೆ ತಿರುಗುತ್ತದೆ. ಗಟ್ಟಿ ಆಕ್ಸಲಿನಲ್ಲಿ ಒಂದು ಚಕ್ರ ಹೊಂಡಕ್ಕೆ ಇಳಿದರೆ ಎರಡೂ ಓರೆಯಾಗುತ್ತವೆ, ಹಾಗಾಗಿ ಎರಡೂ ಪಕ್ಕಕ್ಕೆ ತಿರುಗಲು ನೋಡುತ್ತವೆ. 1920ರ ದಶಕದಲ್ಲಿ ಮೆತ್ತಗಿನ ದಪ್ಪ ಟಯರು, ಮುಂಚಕ್ರದ ಬ್ರೇಕು ಬಂದಾಗ ಕಾರುಗಳಲ್ಲಿ ಈ ನಡುಕ ದೊಡ್ಡ ತಲೆನೋವಾಗಿತ್ತು. 1930ರ ದಶಕದಲ್ಲಿ ಕಾರುಗಳ ಎರಡು ಮುಂಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಶನ್ ಬರಲು ಇದೂ ಒಂದು ಕಾರಣ.

ಲಕ್ಷಣ ನೋಡಿ ಕಾರಣ ಊಹಿಸುವುದು

1. ಒಂದು ನಿರ್ದಿಷ್ಟ ವೇಗದಲ್ಲಿ ನಿಧಾನವಾಗಿ ಬಂದು, ವೇಗ ಹೆಚ್ಚಿದರೆ ಹೋಗುವ ನಡುಕ: ಟಯರಿನ ಬ್ಯಾಲೆನ್ಸ್, ಕೆಸರು, ಸೊಟ್ಟ ರಿಮ್.
2. ಹೊಂಡಕ್ಕೆ ಬಿದ್ದ ಕೂಡಲೇ ಜೋರಾಗಿ ಸುರುವಾಗಿ, ವೇಗ ಇಳಿಸುವವರೆಗೂ ನಿಲ್ಲದ ನಡುಕ: ಎಲ್ಲೋ ಜೋಡಣೆ ಸಡಿಲ, ಜೊತೆಗೆ ಕ್ಯಾಸ್ಟರ್ ಕೆಟ್ಟಿರಬಹುದು.
3. ನಡುಕ ಇಲ್ಲ, ಆದರೆ ಗಾಡಿ ಅತ್ತಿತ್ತ ಅಲೆಯುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ: ಕ್ಯಾಸ್ಟರ್ ಕಡಿಮೆ.
4. ಹೊಂಡ ಸಿಕ್ಕಿದಾಗಲೆಲ್ಲ ಒಂದು ಸಲ ಪಕ್ಕಕ್ಕೆ ಎಳೆಯುತ್ತದೆ: ಡ್ರ್ಯಾಗ್ ಲಿಂಕಿನ ಓರೆ.
5. ಬ್ರೇಕ್ ಒತ್ತಿದಾಗ ಮಾತ್ರ ನಡುಕ: ಮೊದಲು ಬ್ರೇಕ್ ಡಿಸ್ಕ್ ಅಥವಾ ಡ್ರಮ್ಮನ್ನು ನೋಡಬೇಕು.

ಇದು ಊಹೆ ಮಾತ್ರ. ಊಹೆಯನ್ನು ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸಿದರೆ ದುಡ್ಡು ಹೋಗುತ್ತದೆ, ನಡುಕ ಉಳಿಯುತ್ತದೆ.

ಪರೀಕ್ಷೆಯ ಕ್ರಮ

ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಯೋಗಶಾಲೆಯಲ್ಲಿ ಒಂದು ಚರವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತೇವಲ್ಲ, ಅದೇ ನಿಯಮ.

ಮೊದಲು ರಿಮ್ಮಿನ ಒಳಬದಿ ತೊಳೆಯಬೇಕು. ಟಯರಿನ ಗಾಳಿ ನೋಡಬೇಕು. ಕೆಸರಿನಲ್ಲಿ ಹಿಡಿತ ಸಿಗಲಿ ಎಂದು ಗಾಳಿ ಇಳಿಸಿದವರು ಡಾಮರಿಗೆ ಬಂದಾಗ ತುಂಬಿಸಲು ಮರೆಯುವುದುಂಟು. ಟಯರಿನಲ್ಲಿ ಉಬ್ಬು, ಒಂದೇ ಬದಿಯ ಸವೆತ ಉಂಟಾ ಅಂತ ಕೈಯಾಡಿಸಬೇಕು.

ಎರಡನೆಯದು, ಮುಂದಿನ ಟಯರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಅದೇ ರಸ್ತೆಯಲ್ಲಿ ಓಡಿಸುವುದು. ನಡುಕದ ರೀತಿ ಬದಲಾದರೆ ಕಾರಣ ಟಯರಿನಲ್ಲೇ ಇದೆ, ಬ್ಯಾಲೆನ್ಸ್ ಮಾಡಿಸಿದರೆ ಆಯಿತು. ಬದಲಾಗದಿದ್ದರೆ ಮುಂದಕ್ಕೆ ಹೋಗುವುದು.

ಮೂರನೆಯದು, ಸಡಿಲ ಹುಡುಕುವುದು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನಾಲ್ಕೂ ಚಕ್ರ ನೆಲದಲ್ಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಒಂದು ಗೇಣಿನಷ್ಟು ಎಡಬಲ ಆಡಿಸಬೇಕು. ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ನೋಡಬೇಕು: ಟೈ ರಾಡಿನ ತುದಿಗಳು, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಪೆಟ್ಟಿಗೆಯ ಬೋಲ್ಟುಗಳು, ಶ್ಯಾಕಲಿನ ಬುಶ್ಶು, ಆಕ್ಸಲ್ ಹಿಡಿದ ಯು ಬೋಲ್ಟು. ಒಂದು ಭಾಗ ಅಲುಗಿದ ಮೇಲೆ ಅದರ ಪಕ್ಕದ್ದು ತಡವಾಗಿ ಅಲುಗಿದರೆ ನಡುವಿನ ಜೋಡಣೆಯಲ್ಲಿ ಪ್ಲೇ ಉಂಟು ಎಂದರ್ಥ. ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್ ಗಾಡಿಯಾದರೆ, ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಟ್ರ್ಯಾಕ್ ಬಾರಿನ ಬುಶ್ಶು, ಬೋಲ್ಟುಗಳನ್ನು ಮೊದಲು ನೋಡುವುದು ಒಳ್ಳೆಯದು.

ನಾಲ್ಕನೆಯದು, ಮುಂಚಕ್ರವನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಲುಗಾಡಿಸುವುದು. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಚಕ್ರದ ಬೇರಿಂಗ್ ಅಥವಾ ಕಿಂಗ್ ಪಿನ್. ಎಡ ಬಲ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ತುದಿಗಳ ಮೇಲೆ ಸಂಶಯ.

ಇಷ್ಟೆಲ್ಲ ಸರಿಯಾದ ಮೇಲೆ ಅಲೈನ್‌ಮೆಂಟ್ ಕೇಂದ್ರದಲ್ಲಿ ಕ್ಯಾಸ್ಟರ್ ಅಳೆಸಬೇಕು. ಕಡಿಮೆಯಾದರೂ ಕಷ್ಟ, ತೀರಾ ಹೆಚ್ಚಾದರೂ ಟ್ರಾಲಿಯ ಗಾಲಿಯ ಹಾಗೆ ಬಡಿದುಕೊಳ್ಳಬಹುದು. ಸಡಿಲ ಜೋಡಣೆ ಇಟ್ಟುಕೊಂಡು ಅಳೆಸಿದ ಕೋನಕ್ಕೆ ಬೆಲೆಯಿಲ್ಲ, ಯಾಕೆಂದರೆ ರಸ್ತೆಯಲ್ಲಿ ಅದು ಹಾಗೇ ನಿಲ್ಲುವುದಿಲ್ಲ.

ಹಾಗಾದರೆ ಡ್ಯಾಂಪರ್ ಯಾಕೆ?

ಡ್ಯಾಂಪರ್ ಓಲಾಟದ ಶಕ್ತಿಯನ್ನು ಎಣ್ಣೆಯ ಮೂಲಕ ಶಾಖವಾಗಿ ಕಳೆಯುತ್ತದೆ. ಒಳ್ಳೆಯ ಭಾಗವೇ. ಆದರೆ ಸವೆದ ಟೈ ರಾಡ್ ತುದಿಯ ಮೇಲೆ ಡ್ಯಾಂಪರ್ ಹಾಕಿದರೆ ನಡುಕ ಮರೆಯಾಗುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ. ಒಂದು ದಿನ ಆ ತುದಿ ಕಳಚಿದರೆ ಸ್ಟೀರಿಂಗಿನ ಮಾತನ್ನು ಚಕ್ರ ಕೇಳುವುದಿಲ್ಲ. ಶಾಲೆಯ ಮಕ್ಕಳನ್ನು ತುಂಬಿಕೊಂಡ ಜೀಪು ದಿಂಬಂ ಘಾಟಿಯಂಥ 27 ಹೇರ್‌ಪಿನ್ ತಿರುವುಗಳ ದಾರಿಯಲ್ಲಿದ್ದರೆ ಏನಾದೀತು ಎಂದು ಹೇಳಬೇಕಾಗಿಲ್ಲ. ಹಾಗಾಗಿ ಡ್ಯಾಂಪರಿನ ಸರದಿ ಕೊನೆಗೆ.

ಓಡುವಾಗ ನಡುಕ ಬಂದರೆ ಡ್ರೈವರ್ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಮೆಲ್ಲ ಬ್ರೇಕ್ ಒತ್ತಿ ಬದಿಗೆ ನಿಲ್ಲಿಸಬೇಕು. ಗಾಬರಿಯಲ್ಲಿ ಸ್ಟೀರಿಂಗ್ ಎಳೆದಾಡಬಾರದು. ನಿಂತ ಮೇಲೆ "ಈಗ ಸರಿಯಾಯಿತು" ಎಂದು ಪುನಃ ಓಡಿಸುವುದೂ ಬೇಡ, ಪ್ರತಿ ನಡುಕವೂ ಜೋಡಣೆಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಇನ್ನೊಂದು ಮಾತು: ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಅದರ ಹಿಂದಿನ ಕಾರಣ ಏನಿರಬಹುದು ಎಂದು ಮೇಲಿನ 3 ಡಿಗ್ರಿಯ ಲೆಕ್ಕ ನೋಡಿದವರಿಗೆ ಗೊತ್ತಾಗುತ್ತದೆ.

ನೀವೇ ಮಾಡಿ ನೋಡಿ

1. ಸೈಕಲಿನ ಬಿಚ್ಚಿದ ಮುಂಚಕ್ರದ ಅಕ್ಷವನ್ನು ಎರಡೂ ಕೈಯಲ್ಲಿ ಹಿಡಿದು, ಗೆಳೆಯರಿಂದ ಜೋರಾಗಿ ತಿರುಗಿಸಿ. ಈಗ ಓರೆ ಮಾಡಿ. ಚಕ್ರ ಯಾವ ಕಡೆಗೆ ತಿರುಗಲು ನೋಡುತ್ತದೆ? ತಿರುಗುವ ದಿಕ್ಕು ಬದಲಿಸಿದರೆ?
2. 79 ಸೆಂ.ಮೀ. ವ್ಯಾಸದ ಟಯರು 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ? 73 ಸೆಂ.ಮೀ. ಟಯರಿನ ಉತ್ತರದೊಂದಿಗೆ ಹೋಲಿಸಿ.
3. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯವರು ನಿಂತಿರುವ ಟ್ರ್ಯಾಕ್ಟರಿನ ಮುಂದೆ ಬದಿಗೆ ನಿಂತು ಟೈ ರಾಡ್ ಎಲ್ಲಿದೆ ಎಂದು ಗುರುತಿಸಿ ಚಿತ್ರ ಬರೆಯಿರಿ. ಗಾಡಿಯ ಅಡಿಗೆ ಹೋಗಬೇಡಿ. ಅಲುಗಾಟ ಪರೀಕ್ಷೆಯನ್ನು ದೊಡ್ಡವರು ಮಾಡುವಾಗ ದೂರದಿಂದ ನೋಡಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿ.