ನೀರು ಹೊಗದ ಡಬ್ಬಿ

ಗದಗ-ಬೆಟಗೇರಿಯೆಲ್ಲಿ, ಸಮುದ್ರದ ತಳವೆಲ್ಲಿ ಎಂದು ವಾಚಕರು ನಕ್ಕಾರು. ಆದರೆ ಕಾಲ ಬದಲಾಗಿದೆ. ಫ್ರಾನ್ಸ ದೇಶದ ಕುಸ್ತೋ ಮತ್ತು ಗಾನ್ಯಾಂ ಎಂಬಿಬ್ಬರು 1943ರಲ್ಲಿ ನೀರಿನೊಳಗೆ ಉಸಿರಾಡುವ ಉಪಕರಣವನ್ನು ಸಿದ್ಧಪಡಿಸಿದರು. ಅಂಥ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವ ‘ಸ್ಕೂಬಾ’ ವಿದ್ಯೆಯು ಇಂದು ನಮ್ಮ ನಾಡಿನ ಭಟ್ಕಳ ತಾಲೂಕಿಗೂ ಬಂದಿದೆ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ತರುಣರು ನೀರಿಗಿಳಿಯುತ್ತಾರೆ.

ಹೋದ ವರ್ಷ ನಮ್ಮ ಅಣ್ಣನ ಮಗನೂ ಹೊರಟುನಿಂತನು. ಅವನ ಕೈಯಲ್ಲಿ ತೀರಿಹೋದ ಅಜ್ಜನ ಗಡಿಯಾರವಿತ್ತು. ಅದು ನೀರು ತಾಳುವಂಥದಲ್ಲ. ದೋಣಿಯಲ್ಲಿ ಬಿಟ್ಟುಹೋಗಲು ಅವನ ಮನಸ್ಸೊಪ್ಪದು. “ಕಾಕಾ, ಒಂದು ಡಬ್ಬಿ ಮಾಡಿಕೊಡ್ರಿ” ಎಂದನು. ನಾವು ಲಕ್ಷ್ಮೇಶ್ವರದ ಹೊಲದ ಮನೆಯಲ್ಲಿ ಆ ಕೆಲಸಕ್ಕೆ ಕೈಹಚ್ಚಿದೆವು.

ಮೊದಲು ತಿಳಿಯತಕ್ಕದ್ದು ನೀರಿನ ಒತ್ತಡ. ಪ್ರತಿ 10 ಮೀಟರು ಆಳಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರವು ಹೆಚ್ಚುತ್ತದೆ. 11 ಸೆಂಟಿಮೀಟರು ಅಗಲದ ದುಂಡು ಮುಚ್ಚಳದ ಮೇಲೆ ಆ ಆಳದಲ್ಲಿ 95 ಕಿಲೋ ಬೀಳುವುದು. ಅಂದರೆ ಹೆಚ್ಚುಕಡಿಮೆ ತುಂಬಿದ ಒಂದು ಜೋಳದ ಚೀಲ! ಅಡುಗೆಮನೆಯ ತೆಳುವಾದ ತಗಡಿನ ಡಬ್ಬಿಯು ಇದಕ್ಕೆ ಹೇಗೆ ತಾಳೀತು? 1893ರಲ್ಲಿ ಸಮುದ್ರದೊಳಗೆ ಛಾಯಾಚಿತ್ರ ತೆಗೆದ ಲೂಯಿ ಬೂತಾಂ ಎಂಬ ಫ್ರೆಂಚ್ ಪಂಡಿತನು ಇದೇ ತೊಡಕನ್ನು ಕಂಡನು. ಅವನ ಸೋದರನು ಕ್ಯಾಮರಾದ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರಿನ ಚೀಲವನ್ನು ಜೋಡಿಸಿದನು. ಆಳಕ್ಕಿಳಿದಂತೆ ನೀರು ಚೀಲವನ್ನು ಹಿಂಡಿ ಗಾಳಿಯನ್ನು ಒಳಕ್ಕೆ ನೂಕಲು, ಒಳಹೊರಗಿನ ಒತ್ತಡಗಳು ಸರಿದೂಗಿದವು.

ನಾವು ಸುಲಭದ ದಾರಿಯನ್ನು ಹಿಡಿದೆವು. ದುಂಡನೆಯ ವಸ್ತುವು ಒತ್ತಡವನ್ನು ಚೆನ್ನಾಗಿ ತಾಳುವುದರಿಂದ, ಹೊಲಕ್ಕೆ ನೀರು ಹಾಯಿಸುವ 110 ಮಿಲಿಮೀಟರಿನ ದಪ್ಪ ಪಿ.ವಿ.ಸಿ. ಪೈಪಿನಿಂದ 20 ಸೆಂಟಿಮೀಟರು ಉದ್ದದ ತುಂಡನ್ನು ಕೊಯ್ದೆವು. ಒಂದು ತುದಿಗೆ ಮುಚ್ಚಳವನ್ನು ಪೈಪಿನ ಅಂಟಿನಿಂದ ಕೂಡಿಸಿ ಒಂದು ದಿನ ಒಣಗಲು ಬಿಟ್ಟೆವು. ಇನ್ನೊಂದು ತುದಿಗೆ ತಿರುಪಿನ ಮುಚ್ಚಳ. ಅದರೊಳಗೆ ರಬ್ಬರಿನ ಬಳೆ. ಬಳೆಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದೆವು. ನೀರನ್ನು ತಡೆಯುವುದು ಗ್ರೀಸಲ್ಲ, ರಬ್ಬರು; ಗ್ರೀಸು ಅದನ್ನು ಸರಿಯಾಗಿ ಕೂಡಿಸುತ್ತದೆ, ಅಷ್ಟೆ.

“ಇದರಾಗ ನೀರು ಹೋಗಾಂಗಿಲ್ಲ ಕಾಕಾ, ಗಡಿಯಾರ ಇಟ್ಟು ನೋಡೋಣು” ಎಂದು ಹುಡುಗನು ಅವಸರಪಟ್ಟನು. “ಮೊದಲು ಹಳೇ ಪತ್ರಿಕೆ ಇಡಪಾ” ಎಂದೆವು. ಒಣಗಿದ ಕಾಗದವನ್ನೂ ಭಾರಕ್ಕೆ ಕಲ್ಲುಗಳನ್ನೂ ಒಳಗಿಟ್ಟು, ಮೀಟರಿಗೊಂದು ಗಂಟು ಹಾಕಿದ ಹಗ್ಗದಿಂದ ಹೊಲದ ಬಾವಿಗೆ ಇಳಿಬಿಟ್ಟೆವು. ಅರ್ಧ ತಾಸಿನ ಮೇಲೆ ಎತ್ತಿ ತೆರೆದರೆ ಕಾಗದವು ತೊಯ್ದು ಮುದ್ದೆಯಾಗಿತ್ತು! ಹುಡುಗನ ಮೋರೆ ಸಣ್ಣದಾಯಿತು. ಹುಡುಕಿ ನೋಡಲು, ರಬ್ಬರಿನ ಬಳೆಯ ಕೆಳಗೆ ಒಂದೇ ಒಂದು ನೂಲಿನ ಎಳೆ ಸಿಕ್ಕಿತು. ಬಳೆಯನ್ನು ಬೆಟಗೇರಿಯ ಹಳೆಯ ಸೀರೆಯ ತುಂಡಿನಿಂದ ಒರೆಸಿದ್ದೆವು. ಆ ಎಳೆಯೇ ನೀರಿಗೆ ಬಾಗಿಲು ತೆರೆದಿತ್ತು. ಒಂದು ಕೂದಲು, ಒಂದು ಮರಳಿನ ಕಣವಾದರೂ ಇಷ್ಟೇ ಕೇಡು ಮಾಡೀತು. ಆದುದರಿಂದ ಬಳೆಯನ್ನು ಬರಿಯ ಬೆರಳಿನಿಂದಲೇ ಸವರಿ ನೋಡತಕ್ಕದ್ದು.

ಎರಡನೆಯ ಸಲ ಬಕೆಟ್ಟಿನಲ್ಲಿ, ಆಮೇಲೆ 1, 3, 5 ಮೀಟರುಗಳಲ್ಲಿ, ಕೊನೆಗೆ ಬಾವಿಯ ತಳವಾದ 8 ಮೀಟರಿನಲ್ಲಿ ಪರೀಕ್ಷಿಸಿದೆವು. ಮೇಲುನೀರಿನ ಪರೀಕ್ಷೆಯನ್ನು ಬಿಡಕೂಡದು. ಆಳದ ಒತ್ತಡವು ಮುಚ್ಚಳವನ್ನು ಬಿಗಿಯಾಗಿ ಒತ್ತುವುದರಿಂದ, ಕೆಲವು ಡಬ್ಬಿಗಳು ಆಳದಲ್ಲಿ ಸೋರದೆ ಮೇಲೆಯೇ ಸೋರುವುದುಂಟು. ಈ ಸಲ ಕಾಗದವು ಗರಿಗರಿಯಾಗಿ ಉಳಿಯಿತು. ಆದರೂ ಪರೀಕ್ಷಿಸಿದ ಆಳದವರೆಗೆ ಒಯ್ಯದೆ, 5 ಮೀಟರೇ ಮಿತಿಯೆಂದು ಗೊತ್ತುಪಡಿಸಿದೆವು.

ಇನ್ನು ಎಚ್ಚರಿಕೆಯ ಮಾತು. ಈ ಡಬ್ಬಿಯು ಸುಮಾರು ಎರಡು ಲೀಟರು ನೀರಿನ ಸ್ಥಳವನ್ನು ಹಿಡಿಯುತ್ತದೆ. ಎರಡು ಕಿಲೋಕ್ಕಿಂತ ಹಗುರವಾದರೆ ತೇಲಿ, ಮುಳುಗಿದವನನ್ನೂ ಮೇಲಕ್ಕೆ ಜಗ್ಗುವುದು. ಉಪ್ಪುನೀರಿಗೆ ಇನ್ನೂ 50 ಗ್ರಾಮು ಕೂಡಿಸಬೇಕು. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿದು ಥಟ್ಟನೆ ಮೇಲೇರಿದರೆ ಪುಪ್ಪುಸಗಳು ಹರಿದು ಪ್ರಾಣಕ್ಕೆ ಅಪಾಯ. ಆದುದರಿಂದ ಡಬ್ಬಿಯನ್ನು ಮೈಗೆ ಬಿಗಿಯದೆ, ಕ್ಷಣದಲ್ಲಿ ಬಿಚ್ಚುವ ಕೊಂಡಿಗೆ ಸಿಕ್ಕಿಸಿ, ಜೊತೆಗಿರುವ ಶಿಕ್ಷಕನ ಒಪ್ಪಿಗೆ ಪಡೆದೇ ಒಯ್ಯಬೇಕು. ಮೊಬೈಲು, ಬ್ಯಾಟರಿಗಳನ್ನು ಒಳಗಿಡಬಾರದು. ನೀರು ತಾಕಿದರೆ ಅವುಗಳಿಂದ ಅನಿಲ ಹೊರಟು ಡಬ್ಬಿ ಸಿಡಿಯಬಹುದು. ಸೋರಿದ ಡಬ್ಬಿಯ ಮುಚ್ಚಳವನ್ನು ಮೋರೆಯಿಂದ ದೂರ ಹಿಡಿದು ಮೆಲ್ಲಗೆ ತಿರುವಬೇಕು. ಪರೀಕ್ಷೆಗಾಗಿ ಯಾರೂ ಬಾವಿಗಾಗಲಿ, ಮುಂಡರಗಿ-ಶಿರಹಟ್ಟಿಗಳ ಕಡೆ ಹರಿಯುವ ತುಂಗಭದ್ರೆಗಾಗಲಿ ಇಳಿಯಬಾರದು, ಹಗ್ಗವೇ ಸಾಕು.

ಹೊರಡುವ ದಿನ ಹುಡುಗನು ಡಬ್ಬಿಯಲ್ಲಿ ಕೀಲಿಯನ್ನೂ ನಾಲ್ಕು ನೋಟುಗಳನ್ನೂ ಇಟ್ಟನು. ಆಮೇಲೆ ಗಡಿಯಾರವನ್ನು ತಂದು ನಮ್ಮ ಕೈಗೆ ಕೊಟ್ಟು, “ಇದು ನಿಮ್ಮ ಕಡೇನ ಇರಲಿ ಕಾಕಾ” ಎಂದನು. ಡಬ್ಬಿಯು ನೇತ್ರಾಣಿಯಿಂದ ಒಣಗಿದ್ದಂತೆಯೇ ಮರಳಿತು. ಆದರೂ ಅವನು ಮಾಡಿದ್ದೇ ಸರಿಯೆಂದು ನಮಗೆ ತೋರುತ್ತದೆ. ಮನೆಯಲ್ಲಿ ಮಾಡಿದ ಡಬ್ಬಿಗೆ, ಕಳೆದರೆ ಮತ್ತೆ ದೊರೆಯುವ ವಸ್ತುಗಳನ್ನಷ್ಟೇ ಒಪ್ಪಿಸಬೇಕು.