ಒಲೆ ಹಚ್ಚದೆ ತುಂಬುವ ಪುಟ್ಟ ಡಬ್ಬಿ

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕೆಂದೂ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಹೇಳಿತು. ಆದರೆ ಮಗುವಿನ ಚೀಲದಲ್ಲಿ ಹೋಗುವ ತಿಂಡಿ ಡಬ್ಬಿಯ ಚಿಂತೆ ಬಹುಮಟ್ಟಿಗೆ ಮನೆಯವರ ಪಾಲಿಗೇ ಉಳಿದಿದೆ. ಬೆಳಗಿನ ಗಡಿಬಿಡಿಯಲ್ಲಿ ಒಲೆ ಹಚ್ಚದೆ ಸಿದ್ಧವಾಗುವ, ಡೇಕೇರ್‌ನಲ್ಲಿ ಮತ್ತೆ ಬಿಸಿ ಮಾಡುವ ಗೋಜಿಲ್ಲದ, ಮಗು ತಾನೇ ಎತ್ತಿ ತಿನ್ನಬಹುದಾದ ತಿನಿಸು ಕೆಲವು ಹಿರಿಯರ ಕಣ್ಣಿಗೆ ಸೋಮಾರಿತನದಂತೆ ಕಂಡರೂ, ಅದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದ ಅಡುಗೆಮನೆಗಳಲ್ಲಿ ಹಿಂದಿನಿಂದಲೂ ಇದೆ. ಯಾವ ತಿನಿಸು ಎಂಬುದಕ್ಕಿಂತ ಅದರ ಆಕಾರ, ಮೆತುತನ ಮತ್ತು ಅದು ಡಬ್ಬಿಯಲ್ಲಿ ಕಳೆಯುವ ಹೊತ್ತಿನ ಕಡೆಗೇ ಹೆಚ್ಚು ಗಮನ ಬೇಕಾಗುತ್ತದೆ.

ಒಂಬತ್ತು ಹತ್ತು ತಿಂಗಳಿನ ಹೊತ್ತಿಗೆ ಮಗು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳನ್ನು ಕೂಡಿಸಿ ಸಣ್ಣ ವಸ್ತುಗಳನ್ನು ಹೆಕ್ಕಲು ಕಲಿಯುತ್ತದೆ. ಆದರೆ ಕೈ ಕಲಿತಷ್ಟು ಬೇಗ ಬಾಯಿ ಕಲಿಯುವುದಿಲ್ಲ. ಮುಂದಿನ ಹಲ್ಲುಗಳು ಕಚ್ಚುವುದಕ್ಕೆ ಮಾತ್ರ ಬರುತ್ತವೆ. ಅರೆಯುವ ದವಡೆ ಹಲ್ಲುಗಳಲ್ಲಿ ಮೊದಲಿನವು ಒಂದರಿಂದ ಒಂದೂವರೆ ವರ್ಷದ ಸುಮಾರಿಗೂ, ಅವುಗಳ ಹಿಂದಿನವು ಎರಡರಿಂದ ಎರಡೂವರೆ ವರ್ಷದ ಸುಮಾರಿಗೂ ಮೂಡುವುದರಿಂದ, ಈ ವಯಸ್ಸಿನ ಮಗು ಗಟ್ಟಿ ಪದಾರ್ಥವನ್ನು ಕಚ್ಚಿ ಮುರಿಯಬಲ್ಲದೇ ಹೊರತು ನುಣ್ಣಗೆ ಅಗಿಯಲಾರದು. ಆದ್ದರಿಂದ ಡಬ್ಬಿಗೆ ಹಾಕುವ ಪ್ರತಿಯೊಂದು ಚೂರೂ ದೊಡ್ಡವರ ಎರಡು ಬೆರಳುಗಳ ನಡುವೆ ಒತ್ತಿದರೆ ಸುಲಭವಾಗಿ ಜಜ್ಜಿಹೋಗುವಂತಿರಬೇಕು.

ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುವುದು ರಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲೋ ಮರಳಿನಲ್ಲೋ ಅರಳುವಂತೆ ಹುರಿದು ಬೀಸಿದ ಈ ಹಿಟ್ಟು ಆಗಲೇ ಬೆಂಕಿ ಕಂಡಿರುವುದರಿಂದ ಮತ್ತೆ ಬೇಯಿಸಬೇಕಾಗಿಲ್ಲ. ಮುದ್ದೆಗೆ ಬಳಸುವ ಸಾದಾ ರಾಗಿಹಿಟ್ಟು ಹಸಿಯದಾದ್ದರಿಂದ ಅದನ್ನು ಹೀಗೆ ಕೊಡುವಂತಿಲ್ಲ. ಚೆನ್ನಾಗಿ ಕಳಿತ ಅರ್ಧ ಪಚ್ಚಬಾಳೆಹಣ್ಣನ್ನು ಕಿವುಚಿ, ಅದಕ್ಕೆ ಹಿಡಿಸುವಷ್ಟೇ ಹುರಿಹಿಟ್ಟು ಕಲಸಿದರೆ ಕೈಗೆ ಅಂಟದ ಮಿದುವಾದ ಕಣಕ ಸಿಗುತ್ತದೆ. ಅದನ್ನು ಗೋಲಿಯಂತೆ ದುಂಡಗೆ ಕಟ್ಟದೆ ಮಗುವಿನ ಬೆರಳಿನಷ್ಟು ಉದ್ದಕ್ಕೆ ಹೊಸೆದಿಡಬೇಕು. ಹಿಟ್ಟು ಹೆಚ್ಚಾಗಿ ಒಣಗಿದರೆ ಗಂಟಲಲ್ಲಿ ನಿಲ್ಲುವುದರಿಂದ ಕಣಕ ತುಸು ತೇವವಾಗಿಯೇ ಇರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಇದರ ಇನ್ನೊಂದು ಲಾಭ.

ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡುವ ಅವಲಕ್ಕಿಯೂ ಇದೇ ಜಾತಿಯದು. ತೆಳು ಅವಲಕ್ಕಿಯನ್ನು ತೊಳೆದು ಕೆಲವು ನಿಮಿಷ ಬಿಟ್ಟು, ಗಟ್ಟಿ ಮೊಸರು ಮತ್ತು ಸಣ್ಣಗೆ ತುರಿದ ಸೌತೆಕಾಯಿ ಸೇರಿಸಿ ಅದುಮಿದರೆ, ಮಗು ಎತ್ತಿಕೊಳ್ಳಬಹುದಾದ ಮೆತ್ತನೆಯ ತುಂಡುಗಳಾಗುತ್ತವೆ. ಬೇಯಿಸದ ತಿನಿಸೆಂದರೆ ತಟ್ಟನೆ ನೆನಪಾಗುವ ಕೋಸಂಬರಿಯನ್ನು ಮಾತ್ರ ಸದ್ಯಕ್ಕೆ ಹಬ್ಬದ ಎಲೆಗೇ ಬಿಡುವುದು ಲೇಸು, ಏಕೆಂದರೆ ನೆನೆದ ಹೆಸರುಬೇಳೆ ದವಡೆ ಹಲ್ಲಿಲ್ಲದ ಬಾಯಿಗೆ ಗಟ್ಟಿಯೇ. ಆರೋಗ್ಯಕರವೆಂದು ಹೆಸರಾದ ಹಸಿ ಮೊಳಕೆಕಾಳು ಕೂಡ ಇಲ್ಲಿ ಸಲ್ಲದು. ಕಾಳು ಮೊಳೆಯಲು ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣದಲ್ಲಿ ರೋಗಾಣುಗಳೂ ಅಷ್ಟೇ ಹುಲುಸಾಗಿ ಬೆಳೆಯುತ್ತವೆ.

ಹಣ್ಣುಗಳಲ್ಲಿ ಪಪ್ಪಾಯಿ, ಬೀಜ ತೆಗೆದ ಸಪೋಟ, ನಾರಿಲ್ಲದ ಮಾವು ಸುಲಭ ಆಯ್ಕೆಗಳು. ಸೇಬನ್ನು ತುರಿದೇ ಕೊಡಬೇಕು, ಹಸಿ ಕ್ಯಾರೆಟ್ಟನ್ನೂ ಅಷ್ಟೆ. ಅತಿ ಹೆಚ್ಚು ಎಚ್ಚರ ಬೇಕಾದುದು ನೋಡಲು ನಿರುಪದ್ರವಿಯಾದ ದ್ರಾಕ್ಷಿಯ ವಿಷಯದಲ್ಲಿ: ದುಂಡಗೆ, ನುಣುಪಾಗಿ, ಒತ್ತಿದರೆ ಬಾಗುವಂತಿರುವ ಇಡೀ ಹಣ್ಣು ಜಾರಿ ಒಳಹೋದರೆ ಪುಟ್ಟ ಶ್ವಾಸನಾಳಕ್ಕೆ ಬಿರಡೆ ಹಾಕಿದಂತೆ ಕೂತುಬಿಡುತ್ತದೆ. ಅಡ್ಡಕ್ಕೆ ಕೊಯ್ದರೆ ಆ ದುಂಡನೆಯ ಆಕಾರ ಹಾಗೇ ಉಳಿಯುವುದರಿಂದ, ಉದ್ದಕ್ಕೆ ನಾಲ್ಕು ಸೀಳು ಮಾಡಿ ಬೀಜ ತೆಗೆಯಬೇಕು. ಹಲಸಿನ ತೊಳೆಯಂಥ ಜಾರುವ, ನಾರಿನ ಹಣ್ಣು ಬೇಡ. ಇಡೀ ಕಡಲೆಬೀಜ, ಗೋಡಂಬಿ, ಬಾದಾಮಿ, ಹುರಿಗಡಲೆ, ಪಾಪ್‌ಕಾರ್ನ್, ಚಿಕ್ಕಿಗಳನ್ನು ನಾಲ್ಕು ವರ್ಷ ತುಂಬುವವರೆಗೆ ಕೊಡಬಾರದು. ಬೀಜಗಳನ್ನು ನುಣ್ಣಗೆ ಪುಡಿ ಮಾಡಿ ಮೊಸರಿಗೋ ಹುರಿಹಿಟ್ಟಿಗೋ ಬೆರೆಸಬಹುದು. ಬೇರೆ ಮಕ್ಕಳ ಅಲರ್ಜಿಯ ಕಾರಣಕ್ಕೆ ಕಡಲೆಬೀಜವನ್ನೇ ನಿಷೇಧಿಸಿರುವ ಡೇಕೇರ್‌ಗಳಿರುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬೇಯಿಸದ ತಿನಿಸಿಗೆ ಇನ್ನೊಂದು ಶತ್ರು ಸೆಕೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣಾಂಶದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುವುದರಿಂದ ಹೆಚ್ಚಿದ ಹಣ್ಣು, ಮೊಸರು, ಪನೀರಿನಂಥ ಪದಾರ್ಥಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ರಾಯಚೂರು ಕಲಬುರಗಿಗಳ ಬೇಸಿಗೆಗೆ, ಕರಾವಳಿಯ ಬಹುಪಾಲು ತಿಂಗಳುಗಳಿಗೆ ಈ ಒಂದು ಗಂಟೆಯ ಲೆಕ್ಕವೇ ಸರಿ. ಡಬ್ಬಿಯ ಪಕ್ಕದಲ್ಲಿ ಹೆಪ್ಪುಗಟ್ಟಿಸಿದ ಐಸ್ ಪ್ಯಾಕ್ ಇಟ್ಟು, ತಲುಪಿದ ಕೂಡಲೇ ಫ್ರಿಜ್‌ಗೆ ಸೇರಿಸುವಂತೆ ಅಲ್ಲಿನವರಿಗೆ ಹೇಳುವುದು ಸುಲಭದ ಪರಿಹಾರ.

ಡಬ್ಬಿಯಲ್ಲಿ ಬರೀ ಹಣ್ಣೇ ತುಂಬಿದರೂ ಸಾಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಧಾನ್ಯ ಮತ್ತು ಹುರಿಗಡಲೆ ಪುಡಿಯ ಜೊತೆಗೆ, ಕಬ್ಬಿಣಾಂಶ ಮೈಗೂಡಲು ನೆರವಾಗುವ ‘ಸಿ’ ಜೀವಸತ್ವವುಳ್ಳ ಕಿತ್ತಳೆಯನ್ನು ಸಿಪ್ಪೆ, ಪೊರೆ, ಬೀಜ ಬಿಡಿಸಿ ಇಡುವುದು ಉಪಯುಕ್ತ. ಎರಡು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು ಸಕ್ಕರೆ, ಉಪ್ಪಿನ ತಿನಿಸು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದರಿಂದ, ಹಗುರವೆಂಬ ನೆಪದಲ್ಲಿ ಬಿಸ್ಕತ್ತಿನ ಪೊಟ್ಟಣಕ್ಕೆ ಇಲ್ಲಿ ಜಾಗವಿಲ್ಲ.

ಎಷ್ಟೇ ಎಚ್ಚರದಿಂದ ಡಬ್ಬಿ ತುಂಬಿದರೂ ಮಗು ಓಡಾಡುತ್ತ, ಮಲಗಿಕೊಂಡು ತಿನ್ನುವಂತಾದರೆ ಅಪಾಯ ತಪ್ಪುವುದಿಲ್ಲ. ತಿನಿಸು ಗಂಟಲಿಗೆ ತಾಗಿ ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಸಾಮಾನ್ಯವಾಗಿ ತಾನೇ ಸುಧಾರಿಸಿಕೊಳ್ಳುತ್ತದೆ. ಉಸಿರುಗಟ್ಟಿದ ಮಗುವಿಗೆ ಸದ್ದೇ ಹೊರಡದಿರಬಹುದು. ಒಂದು ವರ್ಷ ದಾಟಿದ ಮಗುವಿಗೆ ಆಗ ಬೆನ್ನಿನ ಮೇಲೆ ಐದು ಗುದ್ದು, ಹೊಟ್ಟೆಯ ಮೇಲ್ಭಾಗಕ್ಕೆ ಐದು ಒತ್ತು, ಹೀಗೆ ಅಡ್ಡಿ ಹೊರಬೀಳುವವರೆಗೂ ಸರದಿಯಲ್ಲಿ ಕೊಡುವ ಪ್ರಥಮ ಚಿಕಿತ್ಸೆಯಿದೆ. ಅದರಲ್ಲಿ ತರಬೇತಾದವರು ಊಟದ ಹೊತ್ತಿನಲ್ಲಿ ಮಕ್ಕಳ ಎದುರಿಗೇ ಕೂತಿರುತ್ತಾರೆಯೇ ಎಂಬುದನ್ನು ತಂದೆತಾಯಂದಿರು ಶುಲ್ಕ ಕಟ್ಟುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು.